ಬಿಸಿಲೂರಿನಲ್ಲಿ ಮನೆ, ಕರಡಿಯ ನೆರೆ

“ಹೋಗಿ ಹೋಗಿ ಆ ಬೆಂಕಿಯಂಥ ಊರಲ್ಲಿ ಮನೆ ತಗೊಳ್ತೀರಾ? ಅದೂ ಕರಡಿ ಓಡಾಡೋ ಜಾಗದಲ್ಲಿ! ನಿಮಗೇನು ತಲೆ ಕೆಟ್ಟಿದೆಯೇನೇ?”

ಫೋನಿನಲ್ಲಿ ನನ್ನ ಅಕ್ಕ ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿ, ತೀರ್ಥಹಳ್ಳಿಯಲ್ಲೇ ಸೊಸೆಯಾಗಿ ಹೋದವಳು ನಾನು. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆ ಮಡಿಸದವರು ನಾವು. ಅಂಥವಳು ಹೊಸಪೇಟೆಯಲ್ಲಿ ಮನೆ ಕೊಳ್ಳುತ್ತೇನೆಂದರೆ ಯಾರಿಗಾದರೂ ಆಶ್ಚರ್ಯವೇ. ಈಗ ಆ ಮನೆಗೆ ಬಂದು ಕೆಲವು ವರ್ಷಗಳಾದವು. ಅಕ್ಕನಿಗೆ ಅಂದು ಹೇಳಲಾಗದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ನಿವೃತ್ತಿಯ ಹೊತ್ತಿಗೆ ಎಲ್ಲಿ ನೆಲೆಸುವುದೆಂದು ಯೋಚಿಸುತ್ತಿರುವ ಸೋದರಿಯರಿಗೆ ಇದರಲ್ಲಿ ಒಂದೆರಡು ಮಾತು ಉಪಯೋಗಕ್ಕೆ ಬಂದರೂ ಬರಬಹುದು.

2016ರಲ್ಲಿ ನಮ್ಮವರಿಗೆ ಹೊಸಪೇಟೆಗೆ ವರ್ಗವಾಯಿತು. ಸರ್ಕಾರಿ ನೌಕರಿ, ಕೇಳುವ ಹಾಗಿಲ್ಲ. ಮೇ ತಿಂಗಳಲ್ಲಿ ಸಾಮಾನು ಇಳಿಸಿದೆವು. ಬಾಗಿಲು ತೆರೆದರೆ ಒಲೆಯ ಮುಂದೆ ಮುಖ ಒಡ್ಡಿದಂತೆ ಗಾಳಿ! ಪಕ್ಕದ ಮನೆಯಾಕೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು ನಗುತ್ತಾ ಹೇಳಿದರು. “ನಮ್ಮೂರಾಗ ಎರಡೇ ಕಾಲ ನೋಡ್ರಿ ಅಕ್ಕಾರೆ. ಒಂದು ಬ್ಯಾಸಿಗಿ, ಇನ್ನೊಂದು ಕೆಟ್ಟ ಬ್ಯಾಸಿಗಿ.” ನನಗೆ ಅಳುವೇ ಬಂತು. ಮೂರು ವರ್ಷ ಹೇಗಾದರೂ ಕಳೆದರೆ ಸಾಕು, ಮತ್ತೆ ಊರು ಸೇರೋಣ ಎಂದು ದಿನ ಎಣಿಸುತ್ತಿದ್ದೆ.

ಎಣಿಕೆ ತಪ್ಪಿದ್ದು ನಮ್ಮ ಅತ್ತೆಯವರಿಂದ. ಮಾವನವರು ತೀರಿಕೊಂಡ ಮೇಲೆ, 2018ರಲ್ಲಿ, ಅವರು ನಮ್ಮ ಜೊತೆಗೆ ಬಂದರು. ಅತ್ತೆಯವರಿಗೆ ಮೊದಲಿನಿಂದಲೂ ಉಬ್ಬಸ, ಜೊತೆಗೆ ಮಂಡಿ ನೋವು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಗೋಡೆ ಒದ್ದೆ, ಹಾಸಿಗೆ ತಣ್ಣಗೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು. ಮಗುವಿನ ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಿದವಳು ನಾನು. ಆಷಾಢ ಬಂತೆಂದರೆ ಅತ್ತೆಯವರು ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಆ ಗೊರಗೊರ ಸದ್ದು ಕೇಳುತ್ತಾ ನಾನು ಎಷ್ಟು ರಾತ್ರಿ ಬಿಸಿನೀರು ಕಾಯಿಸಿದ್ದೇನೋ ಲೆಕ್ಕವಿಲ್ಲ.

ಹೊಸಪೇಟೆಯಲ್ಲಿ ಮಳೆ ಎಂದರೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅಷ್ಟೇ. ಆ ವರ್ಷದ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಅತ್ತೆಯವರು ಹಾಸಿಗೆಯಲ್ಲಿ ಇಲ್ಲ. ಎದೆ ಧಸಕ್ಕೆಂದಿತು. ಓಡಿಹೋಗಿ ನೋಡಿದರೆ ಮೆಟ್ಟಿಲ ಮೇಲೆ ಎಳೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಾರೆ! “ರಾತ್ರಿ ಮಲಗಿದ್ದೇ ಗೊತ್ತಾಗಲಿಲ್ಲ ಮಾರಾಯ್ತಿ” ಎಂದರು. ಬಿಸಿಲಿನಿಂದ ರೋಗ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ಡಾಕ್ಟರೂ ಹಾಗೆ ಹೇಳಲಿಲ್ಲ. ಥಂಡಿ, ಬೂಷ್ಟು ಉಬ್ಬಸದವರಿಗೆ ಆಗದು, ಅದು ತಪ್ಪಿತು, ಅಷ್ಟೇ ಎಂದರು. ಔಷಧಿ ಈಗಲೂ ಇದೆ. ಮಂಡಿ ನೋವೂ ಇದೆ. ಆದರೆ ಕೋಲು ಹಿಡಿದು ದೇವಸ್ಥಾನದ ತನಕ ಹೋಗಿ ಬರುತ್ತಾರೆ. ಮಲಗಿದ್ದ ಜೀವ ಎದ್ದು ಓಡಾಡುವುದೆಂದರೆ ಮನೆಯ ಹೆಂಗಸಿಗೆ ಏನೆಂದು ಆರೈಕೆ ಮಾಡಿದವರಿಗೇ ಗೊತ್ತು.

ಬಿಸಿಲಿನ ಇನ್ನೊಂದು ಉಪಕಾರ ಅಡಿಗೆಮನೆಗೆ. ಊರಿನಲ್ಲಿ ಹಲಸಿನ ಹಪ್ಪಳ, ಸಂಡಿಗೆ ಎಲ್ಲವನ್ನೂ ಮುಂಗಾರು ಬರುವುದರೊಳಗೆ ಮುಗಿಸಬೇಕು. ಮೋಡ ಕಂಡರೆ ಚಾಪೆ ಎತ್ತಿಕೊಂಡು ಓಡಬೇಕು. ಇಲ್ಲಿ ಆ ಗಡಿಬಿಡಿಯೇ ಇಲ್ಲ. ಬೆಳಿಗ್ಗೆ ಇಟ್ಟ ಸಾಬಕ್ಕಿ ಸಂಡಿಗೆಯನ್ನು ಸಂಜೆಗೆ ಬಟ್ಟೆಯಿಂದ ಬಿಡಿಸಬಹುದು. ಮಜ್ಜಿಗೆ ಮೆಣಸಿನಕಾಯಿಯಂತೂ ಕೇಳಲೇಬೇಡಿ. ಉದ್ದಕ್ಕೆ ಸೀಳಿದ ದಪ್ಪ ಮೆಣಸಿನಕಾಯಿಯನ್ನು ಉಪ್ಪು, ಇಂಗು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕಿ. ಹಗಲು ಬಿಸಿಲು, ರಾತ್ರಿ ಮತ್ತೆ ಅದೇ ಮಜ್ಜಿಗೆ. ಮಜ್ಜಿಗೆ ಪೂರ್ತಿ ಹೀರಿಕೊಳ್ಳುವ ತನಕ ಹೀಗೇ. ತೀರ್ಥಹಳ್ಳಿಯಲ್ಲಿ ಎಂಟು ಹತ್ತು ದಿನ ಹಿಡಿಯುತ್ತಿದ್ದುದು ಇಲ್ಲಿ ನಾಲ್ಕೇ ದಿನದಲ್ಲಿ ಗರಿಗರಿ! ಬೇಳೆಗೆ ಹುಳ ಬೀಳುವುದು ಕಡಿಮೆ, ಉಪ್ಪು ನೀರೊಡೆಯುವುದಿಲ್ಲ. ಈಗ ಪ್ರತಿ ವರ್ಷ ಅಕ್ಕನ ಮನೆಗೂ ಒಂದು ಡಬ್ಬ ಹೋಗುತ್ತದೆ. ಡಬ್ಬ ಖಾಲಿಯಾದಾಗ ಅವಳಿಗೆ ಬೆಂಕಿಯಂಥ ಊರು ನೆನಪಾಗುತ್ತದೆ, ಬಿಡಿ.

ಆದರೆ ಇಲ್ಲಿ ಸಂಡಿಗೆಗೆ ಕಾವಲು ಬೇಕು. ಹಂಪಿಯ ಕಡೆ ಕೆಂಪು ಮುಖದ ಕೋತಿಯೂ ಉಂಟು, ಕರಿ ಮುಖದ ಮುಸುವವೂ ಉಂಟು. ಮೊದಲ ವರ್ಷ ನಾನು ಒಳಗೆ ಹೋಗಿ ಕಾಫಿ ಬಸಿದು ಬರುವಷ್ಟರಲ್ಲಿ ಎರಡು ಸೇರಿನ ಸಂಡಿಗೆ ಮಾಯ. ಒಂದು ಮುಸುವ ನೀರಿನ ಟ್ಯಾಂಕಿನ ಮೇಲೆ ಕೂತು, ಹಸಿಯೋ ಒಣಗಿದೆಯೋ ಎಂದು ಬೆರಳಲ್ಲಿ ಒತ್ತಿ ನೋಡಿ ತಿನ್ನುತ್ತಿತ್ತು!

ಇನ್ನು ಕರಡಿಯ ವಿಷಯ. ಹೊಸಪೇಟೆಯಿಂದ ಕಮಲಾಪುರದ ಮೇಲೆ ಹೋದರೆ ದರೋಜಿ ಕರಡಿಧಾಮ ಸಿಗುತ್ತದೆ, ಹಂಪಿಯಿಂದ ಸುಮಾರು 15 ಕಿಲೋಮೀಟರ್. 1994ರಲ್ಲಿ ಸರ್ಕಾರ ಇದನ್ನು ಕರಡಿಗಳಿಗೆಂದೇ ಮೀಸಲಿಟ್ಟಿತು. ಈಗ ಸುಮಾರು 82 ಚದರ ಕಿಲೋಮೀಟರ್ ಇದೆ. ಕಾಡು ಎಂದೊಡನೆ ನಮ್ಮ ಪಶ್ಚಿಮಘಟ್ಟದ ದಟ್ಟ ಮರಗಳನ್ನು ಕಲ್ಪಿಸಿಕೊಳ್ಳಬೇಡಿ. ಬಂಡೆ, ಮುಳ್ಳು ಪೊದೆ, ಕುರುಚಲು ಗಿಡ. ಬಂಡೆಯ ಸಂದುಗಳ ಗವಿಯಲ್ಲಿ ಕರಡಿ ಹಗಲೆಲ್ಲಾ ಮಲಗಿರುತ್ತದೆ. ಹೊತ್ತು ಇಳಿದ ಮೇಲೆ ಗೆದ್ದಲು, ಇರುವೆ, ಜೇನು, ಬೋರೆ ಹಣ್ಣು ಹುಡುಕಿ ಹೊರಡುತ್ತದೆ.

ಅತ್ತೆಯವರು “ಒಂದು ಸಲ ನೋಡಬೇಕಲ್ಲ” ಎಂದರು. ಒಂದು ಭಾನುವಾರ ಮಧ್ಯಾಹ್ನ ಮೊಸರನ್ನ ಕಟ್ಟಿಕೊಂಡು ಎಲ್ಲರೂ ಹೊರಟೆವು. ಅಲ್ಲಿ ವೀಕ್ಷಣಾ ಗೋಪುರವಿದೆ. ಎದುರಿಗೆ ಕರಡಿಕಲ್ಲು ಗುಡ್ಡ. ಅರಣ್ಯ ಇಲಾಖೆಯವರು ಆ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಉಸಿರು ಬಿಗಿಹಿಡಿದು ಕೂತೆವು. ಮೊದಲು ನವಿಲು ಬಂತು, ಆಮೇಲೆ ಮುಂಗುಸಿ. ನಾಲ್ಕು ಗಂಟೆ ದಾಟಿತ್ತು. ಬಂಡೆಯ ಹಿಂದಿನಿಂದ ಕಪ್ಪಗೆ ಏನೋ ಉರುಳಿದಂತಾಯಿತು. ತಾಯಿ ಕರಡಿ! ಬೆನ್ನ ಮೇಲೆ ಎರಡು ಮರಿ, ಕೂದಲು ಹಿಡಿದು ಕೂತಿವೆ. ಗೋಪುರದ ಮೇಲಿದ್ದ ನಾವ್ಯಾರೂ ಮಾತಾಡಲಿಲ್ಲ. ಅತ್ತೆಯವರು ಮಾತ್ರ ನನ್ನ ಕಿವಿಯಲ್ಲಿ ಮೆಲ್ಲಗೆ, “ಪಾಪ, ಎರಡೆರಡು ಹೊತ್ತಿದ್ದಾಳಲ್ಲೇ. ಅವಳಿಗೂ ಮಂಡಿ ನೋವು ಇರಬೇಕು” ಎಂದರು. ಮನೆಗೆ ಬಂದ ಮೇಲೂ ಎರಡು ದಿನ ಅದೇ ಮಾತು. ಕರಡಿ ಎಂದರೆ ಹೆದರುತ್ತಿದ್ದವರು, “ಬಾಣಂತಿ ಎಲ್ಲಿಗೆ ಹೋದಳೋ” ಎನ್ನತೊಡಗಿದರು.

ಕರಡಿಯಷ್ಟೇ ಅಲ್ಲ. ಅಣೆಕಟ್ಟೆಯ ಕೆಳಗೆ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಘೋಷಿಸಿದ್ದಾರೆ. ನೀರುನಾಯಿ ಎಂದರೆ ಹೊಳೆಯಲ್ಲಿ ಮೀನು ಹಿಡಿದು, ಬಂಡೆಯ ಮೇಲೆ ಸಂಸಾರ ಸಮೇತ ಬಿಸಿಲು ಕಾಯಿಸುವ ಪ್ರಾಣಿ. ನಮ್ಮ ಮಗಳು ಕಾಲೇಜಿನ ಗೆಳತಿಯರೊಡನೆ ಹೋಗಿ ನೋಡಿಬಂದಳು. ನನಗಿನ್ನೂ ಅದೃಷ್ಟ ಬಂದಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಮಾತ್ರ ಎರಡು ಸಲ ಹೋಗಿದ್ದೇನೆ. ನೀರಿನ ನಡುವಿನ ಜಾಲಿ ಮರಗಳ ತುಂಬಾ ಕೊಕ್ಕರೆ ಗೂಡು. 2024ರಲ್ಲಿ ಅದಕ್ಕೆ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಅಂದರೆ ಲೋಕದ ಮುಖ್ಯ ಜೌಗು ನೆಲಗಳ ಪಟ್ಟಿ.

ಇಷ್ಟೆಲ್ಲಾ ಚೆಂದ ಹೇಳಿ, ಇನ್ನೊಂದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ.

ನಮ್ಮ ಬಾಡಿಗೆ ಮನೆಗೆ ದಿನಾ ಹೂವು ತರುತ್ತಿದ್ದಾಕೆ ಗುಡ್ಡದ ಬುಡದ ಹಳ್ಳಿಯವಳು. ಕರಡಿ ನೋಡಿ ಬಂದ ಮಾರನೆಯ ದಿನ ನಾನು ಸಂಭ್ರಮದಿಂದ ಅವಳಿಗೆ ಎಲ್ಲವನ್ನೂ ವರ್ಣಿಸಿದೆ. ಅವಳು ಮೊಳ ಹಾಕುತ್ತಾ ತಲೆ ಎತ್ತದೆ ಹೇಳಿದಳು. “ಕರಡಿ ನೋಡಾಕ ನೀವು ರೊಕ್ಕ ಕೊಟ್ಟು ಹೋಗ್ತೀರಿ ಅಕ್ಕಾರೆ. ನಮ್ಮ ಮನಿಯವ್ರು ಪುಕ್ಕಟೆ ನೋಡ್ಯಾರ.” ಆಕೆಯ ಗಂಡ ಬೆಳಗಿನ ಜಾವ ಹೊಲಕ್ಕೆ ನೀರು ಕಟ್ಟಲು ಹೋದಾಗ ಬದುವಿನ ಪೊದೆಯಲ್ಲಿ ಕರಡಿ ಇತ್ತಂತೆ. ಅದಕ್ಕೆ ಕಣ್ಣು ಮಂದ, ಮೂಗು ಮಾತ್ರ ಚುರುಕು. ಹತ್ತಿರ ಬರುವ ತನಕ ಅದಕ್ಕೂ ಗೊತ್ತಾಗಿಲ್ಲ, ಇವರಿಗೂ ಗೊತ್ತಾಗಿಲ್ಲ. ಬೆಚ್ಚಿಬಿದ್ದ ಕರಡಿ ಮುಖಕ್ಕೇ ಎರಗಿತು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಪರಿಹಾರದ ದುಡ್ಡು ಬಂದು ಆಸ್ಪತ್ರೆಯ ಸಾಲ ತೀರಿತು. ಅಂದಿನಿಂದ ಸಂಸಾರ ಹೂವಿನ ಬುಟ್ಟಿಯ ಮೇಲೆ.

ನನಗೆ ನಾಲಿಗೆ ಒಣಗಿತು. ನಾವು ಊರೊಳಗಿನವರು ಗೋಪುರ ಹತ್ತಿ ಚೆಂದ ನೋಡುತ್ತೇವೆ. ಆ ಚೆಂದದ ಬೆಲೆ ಕೊಡುವವರು ಬೇರೆ. ಇಂದಿಗೂ ಇದಕ್ಕೆ ನನ್ನ ಬಳಿ ಸಮಾಧಾನವಿಲ್ಲ. ಕರಡಿ ಬೇಡವೆನ್ನಲು ಮನಸ್ಸು ಬರುವುದಿಲ್ಲ, ಇರಲಿ ಎಂದು ಸಲೀಸಾಗಿ ಹೇಳಲೂ ಬಾಯಿ ಬರುವುದಿಲ್ಲ. ಅವಳನ್ನೇ ಒಮ್ಮೆ ಕೇಳಿದೆ. “ಅದರ ಗುಡ್ಡ ಅದಕ್ಕಿರಲಿ ಬಿಡ್ರಿ. ನಮ್ಮ ಹೊಲ ನಮಗಿರಲಿ. ನಡುವ ಪೊದಿ ಕಡಿದು ಲೈಟ್ ಹಾಕ್ರಿ ಅಂದ್ರ ಯಾರೂ ಕೇಳವಲ್ರು” ಎಂದಳು. ನ್ಯಾಯವಾದ ಮಾತು. ಈಗ ಆ ಹಳ್ಳಿಯವರು ಕತ್ತಲಲ್ಲಿ ಒಬ್ಬೊಬ್ಬರೇ ಹೋಗುವುದಿಲ್ಲ. ಬ್ಯಾಟರಿ, ಕೋಲು ಹಿಡಿದು ಜೋರಾಗಿ ಮಾತಾಡುತ್ತಾ ಹೋಗುತ್ತಾರೆ. ಸದ್ದು ಕೇಳಿದರೆ ಕರಡಿ ತಾನೇ ದಾರಿ ಬಿಡುತ್ತದೆ.

ಮನೆ ಕೊಳ್ಳುವಾಗ ನಮ್ಮ ಬುದ್ಧಿ ಕೈಗೆ ಬಂದದ್ದು ಈ ಮಾತಿನಿಂದಲೇ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾಯಿತು, ಹೊಸಪೇಟೆಯೇ ಜಿಲ್ಲಾ ಕೇಂದ್ರ. ನಿವೇಶನದ ಬೆಲೆ ಬ್ರೋಕರುಗಳ ಬಾಯಲ್ಲಿ ದಿನಕ್ಕೊಂದು. ಒಬ್ಬಾತ ಊರಿನಾಚೆ, ಗುಡ್ಡದ ಪಕ್ಕದಲ್ಲೊಂದು ಜಾಗ ತೋರಿಸಿದ. ಅಗ್ಗ, ವಿಶಾಲ, ಎದುರಿಗೆ ಬಂಡೆಗಳ ಸಾಲು, ಬಾಳೆ ತೋಟ. ನಮ್ಮವರು ಅಲ್ಲೇ ಮನಸೋತರು. “ಮುಂಗಡ ಕೊಟ್ಟುಬಿಡೋಣ ಕಣೇ” ಎಂದರು. “ಕಾಗದ ನೋಡೋಣ ರೀ, ಆಮೇಲೆ” ಎಂದೆ. ನಾನು ಓದಿದ್ದು ಹೈಸ್ಕೂಲಷ್ಟೇ. ಆದರೆ ತರಕಾರಿಯವನ ಹತ್ತಿರ ಬದನೆಕಾಯಿ ತಿರುಗಿಸಿ ನೋಡುವ ಅಭ್ಯಾಸ ಎಲ್ಲೂ ಬಿಡುವುದಿಲ್ಲವಲ್ಲ!

ಕೇಳಿದರೆ ಒಂದೊಂದೇ ಹೊರಬಂತು. ಆ ಜಮೀನು ಇನ್ನೂ ಕೃಷಿ ಭೂಮಿ, ಪರಿವರ್ತನೆಯೇ ಆಗಿಲ್ಲ. ಪರಿವರ್ತನೆಯಾಗದ ಜಾಗಕ್ಕೆ ಮನೆಯ ಪರವಾನಗಿ ಎಲ್ಲಿಂದ ಬರಬೇಕು? ಅದೂ ಸಾಲದೆಂದು, ಹಂಪಿಯ ಸುತ್ತಲ ಊರುಗಳಿಗೆ 2002ರ ಕಾಯ್ದೆಯ ಪ್ರಕಾರ ಬೇರೆ ಪ್ರಾಧಿಕಾರವೇ ಇದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ವಲಯಗಳಲ್ಲಿ ಅವರ ಒಪ್ಪಿಗೆಯಿಲ್ಲದೆ ಮನೆ ಎಬ್ಬಿಸುವಂತಿಲ್ಲ. ಅಭಯಾರಣ್ಯದ ಅಂಚಿಗೆ ಅರಣ್ಯದವರ ನಿಯಮ ಬೇರೆ. ಬ್ರೋಕರ್ ಇದಾವುದನ್ನೂ ಬಾಯಿ ಬಿಟ್ಟಿರಲಿಲ್ಲ. “ಎಲ್ಲಾ ಆಗ್ತದ್ರಿ ಅಮ್ಮಾರೆ” ಎನ್ನುವುದೊಂದೇ ಪಲ್ಲವಿ. ಆದ್ದರಿಂದ ಕಾಡಿನ ಪಕ್ಕದ ಊರಿನಲ್ಲಿ ಜಾಗ ನೋಡುವವರು ಋಣಭಾರ ಪತ್ರ, ಖಾತೆ, ಪರಿವರ್ತನೆಯ ಆದೇಶ ನೋಡುವುದರ ಜೊತೆಗೆ ಅರಣ್ಯ ಇಲಾಖೆಯ ಕಚೇರಿಯಲ್ಲೂ ಒಮ್ಮೆ ಕೇಳಿ ಬನ್ನಿ. ಹಂಪಿಯ ಕಡೆಯಾದರೆ ಆ ಪ್ರಾಧಿಕಾರದಲ್ಲೂ. ನಾಚಿಕೆ ಬೇಡ.

ಈ ನಿಯಮಗಳನ್ನು ಬೈಯುವವರು ಬಹಳ. ನನಗೇನೋ ಇವೇ ಇಲ್ಲಿ ಮನೆ ಕೊಳ್ಳಲು ದೊಡ್ಡ ಕಾರಣ ಎನಿಸುತ್ತದೆ. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲವಂತೆ. ಒಗೆದ ಬಟ್ಟೆ ಕೆಂಪು, ಕುಡಿಯುವ ನೀರಿನ ಮೇಲೂ ಕೆಂಪು ಕೆನೆ. ಹಳಬರು ಹೇಳುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟಿತು. ಕರಡಿಗೆಂದು ಬಿಟ್ಟ ಗುಡ್ಡದ ಕಡೆ ಗಣಿಯವರ ಯಂತ್ರ ಬರುವಂತಿಲ್ಲ, ಕಲ್ಲು ಕ್ವಾರಿ ಬರುವಂತಿಲ್ಲ. ನಾವು ಕೊಂಡದ್ದು ಮನೆಯನ್ನಷ್ಟೇ. ಆ ಗಾಳಿ, ಆ ಆಕಾಶ ಹಾಗೇ ಉಳಿದಿರುವುದು ಅವುಗಳ ದೆಸೆಯಿಂದ.

ಕೊನೆಗೆ 2022ರಲ್ಲಿ ಊರೊಳಗೇ, ಅನುಮೋದನೆಯಾದ ಬಡಾವಣೆಯಲ್ಲಿ, ಒಂದು ಹಳೆಯ ಮನೆ ಗೊತ್ತಾಯಿತು. ದುಡ್ಡು? ನಮ್ಮವರ ಸಂಬಳದ ಮೇಲಿನ ಸಾಲ ಸಾಲದು. ತೀರ್ಥಹಳ್ಳಿಯ ಮನೆಯಲ್ಲಿ ಅತ್ತೆಯವರ ಪಾಲು ಬಿಟ್ಟರೆ ಬೇರೆ ದಾರಿಯಿಲ್ಲ. ಭಾವನವರು ಆ ಪಾಲಿಗೆ ಹಣ ಕೊಡಲು ಸಿದ್ಧರಿದ್ದರು. ಆದರೆ ಮದುವೆಯಾಗಿ ಬಂದು ಐವತ್ತು ವರ್ಷ ಬಾಳಿದ ಮನೆ. ಕೇಳುವುದಾದರೂ ಹೇಗೆ? ನಾನು ಕೇಳಲಿಲ್ಲ, ನಮ್ಮವರೂ ಕೇಳಲಿಲ್ಲ. ಒಂದು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆ ಭಾನುವಾರ ಅತ್ತೆಯವರು ಅಣೆಕಟ್ಟು ನೋಡಬೇಕೆಂದರು. ನೀರು ತುಂಬಿ ಸಮುದ್ರದಂತಿತ್ತು. ಬಹಳ ಹೊತ್ತು ನೋಡುತ್ತಾ ನಿಂತವರು ಮಗನನ್ನು ಕೇಳಿದರು. “ಇದು ನಮ್ಮ ತುಂಗೆಯ ನೀರೇ ಅಲ್ಲವೇನೋ?” “ಹೌದಮ್ಮ, ತೀರ್ಥಹಳ್ಳಿ ದಾಟಿ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಇಲ್ಲಿಗೇ ಬರೋದು.” ಅವರು ಬಗ್ಗಲಾಗದೆ, ನನ್ನ ಕೈಯಲ್ಲಿ ನೀರು ತರಿಸಿಕೊಂಡು ತಲೆಗೆ ಚಿಮುಕಿಸಿಕೊಂಡರು. ದಾರಿಯಲ್ಲಿ ಆಟೋದಲ್ಲಿ, ಯಾವುದೋ ಮಾತಿನ ನಡುವೆ, “ದೊಡ್ಡವನಿಗೆ ಪತ್ರ ಬರೆಸು. ನನ್ನ ಪಾಲು ಬಿಡಿಸಿಕೊಡಲಿ. ಆದರೆ ಮನೆ ನಿನ್ನ ಒಬ್ಬನ ಹೆಸರಿಗೆ ಬೇಡ, ಇವಳ ಹೆಸರೂ ಇರಲಿ” ಎಂದರು. ನಮ್ಮವರು ತಲೆ ಆಡಿಸಿದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಬಿಸಿಲು ತಾನೇ, ಬೆವರು ಎಂದುಕೊಂಡಿರಬೇಕು ಆಟೋದವನು.

ಬಂದ ಮೇಲೆ ಕಲಿತದ್ದನ್ನೂ ಹೇಳಿಬಿಡುತ್ತೇನೆ. ಪಡುವಣ ಗೋಡೆಯ ಕಡೆ ಮಲಗುವ ಕೋಣೆ ಬೇಡ. ಸಂಜೆಯ ಬಿಸಿಲಿಗೆ ಕಾದ ಗೋಡೆ ನಡುರಾತ್ರಿಯ ತನಕ ಶಾಖ ಬಿಡುತ್ತದೆ. ಅಲ್ಲಿ ನಾವು ಉಗ್ರಾಣ ಮಾಡಿದ್ದೇವೆ, ಹೊರಗೊಂದು ಬೇವು ನೆಟ್ಟಿದ್ದೇವೆ. ಬೇಸಿಗೆಗೆ ಮುಂಚೆ ತಾರಸಿಗೆ ಸುಣ್ಣ ಬಳಿದರೆ ಒಳಗೆ ಎಷ್ಟೋ ತಂಪು. ನೀರು ಹಾಕುವ ಕೂಲರ್ ನಮ್ಮೂರಿನ ತೇವದ ಹವೆಯಲ್ಲಿ ದಂಡ. ಇಲ್ಲಿಯ ಒಣ ಗಾಳಿಗೆ ಅದೇ ಸಾಕು, ಏ.ಸಿ.ಯ ಕರೆಂಟ್ ಬಿಲ್ಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ. ಆಗ ಹನ್ನೊಂದರೊಳಗೆ ಒಲೆ ಆರಿಸಿ, ಐದರ ತನಕ ಬಾಗಿಲು ಕಿಟಕಿ ಮುಚ್ಚಿ ಕೂರುವುದೇ. ಮಡಕೆ ನೀರು, ಅಂಬಲಿ, ಮಜ್ಜಿಗೆ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಇನ್ನೊಂದು ಕಷ್ಟ ನೆಂಟರದು! ಹಂಪಿ ನೋಡಲು ಬಂದವರೆಲ್ಲ ನಮ್ಮ ಮನೆಯಲ್ಲೇ. ನವೆಂಬರಿನಿಂದ ಜನವರಿ ತನಕ ಇದು ಮನೆಯೋ ಛತ್ರವೋ ನನಗೇ ಅನುಮಾನ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು ಎನ್ನುವುದು ಅನುಕೂಲವೂ ಹೌದು, ಅನಾನುಕೂಲವೂ ಹೌದು.

ಹೆದರಿದ್ದು ಒಮ್ಮೆ ಮಾತ್ರ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ನೀರೆಲ್ಲಾ ಹರಿದುಹೋದರೆ ಗತಿಯೇನು? ಬಿಸಿಲೂರಿಗೆ ಹೊಳೆಯೇ ಪ್ರಾಣ. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದರು. ಆ ವಾರವೆಲ್ಲಾ ಅತ್ತೆಯವರು ದೀಪ ಹಚ್ಚಿಟ್ಟು, “ತುಂಗಮ್ಮಾ, ಓಡಬೇಡ” ಎನ್ನುತ್ತಿದ್ದರು.

ಹೂವಿನಾಕೆ ಈಗ ಹೊಸ ಮನೆಗೂ ಬರುತ್ತಾಳೆ. ಕಳೆದ ತಿಂಗಳು ಬಂದವಳು ಹೊಲದ ದಾರಿಯಲ್ಲಿ ಎರಡು ದೀಪದ ಕಂಬ ಹಾಕಿದ್ದಾರೆಂದು ಹೇಳಿದಳು. ಇನ್ನೂ ಮೂರು ಆಗಬೇಕಂತೆ. ಆಕೆಯ ಗಂಡ ಮತ್ತೆ ಹೊಲಕ್ಕೆ ಹೋಗತೊಡಗಿದ್ದಾರೆ, ಹೊತ್ತು ಮೂಡಿದ ಮೇಲೆ.

ಇದನ್ನು ಬರೆಯುತ್ತಿರುವಾಗ ಮಾಳಿಗೆ ಮೇಲಿಂದ ಕೋಲು ಕುಟ್ಟುವ ಸದ್ದು ಕೇಳುತ್ತಿದೆ. ಅತ್ತೆಯವರು ಸಂಡಿಗೆಗೆ ಕಾವಲು ಕೂತಿದ್ದಾರೆ. “ಏ ಇವಳೇ, ಮುಸುವ ಬಂತು, ಬೇಗ ಬಾ!” ಎನ್ನುತ್ತಿದ್ದಾರೆ. ಹೋಗದಿದ್ದರೆ ಅಕ್ಕನ ಡಬ್ಬ ಈ ವರ್ಷ ಖಾಲಿ.